ಒಂದು ಸಿನಿಮಾಕ್ಕೆ ಎರಡು ಟಿಕೆಟ್

ಅಭಿಪ್ರಾಯ ಕೇಳಿದ ಕೂಡಲೇ ಬಾಯಿ ಬಿಡದ ಒಬ್ಬ ಮನುಷ್ಯನನ್ನು ಮೈಸೂರಿನಲ್ಲಿ ಹುಡುಕಿ ತೋರಿಸಿ, ನನ್ನ ಅಂಗಡಿಯಿಂದ ಒಂದು ಬಕೆಟ್ ಬಿಟ್ಟಿ ಕೊಡುತ್ತೇನೆ. ಮುಚ್ಚಳಕ್ಕೆ ಮಾತ್ರ ಬೇರೆ ರೇಟು! ಇಷ್ಟು ಧೈರ್ಯವಾಗಿ ಪಂದ್ಯ ಕಟ್ಟುವ ನಾನು ಸೋಲುವುದಿದ್ದರೆ ಒಬ್ಬರಿಂದ ಮಾತ್ರ. ಮಂಡಿ ಮೊಹಲ್ಲಾದಲ್ಲಿ ನನ್ನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಎದುರಿಗೇ ಹೊಲಿಗೆ ಮಿಷನ್ ರಿಪೇರಿ ಮಾಡುವ ಯಜಮಾನರು ಅವರು. ಏನು ಕೇಳಿದರೂ ಒಂದೇ ಉತ್ತರ: "ನಾಳೆ ಹೇಳ್ತೀನಿ ಕಣ್ರೀ."

ಮೂಲೆಯ ಟೀ ಅಂಗಡಿಯಲ್ಲಿ ನಾವೆಲ್ಲ ಸೇರಿ ಕ್ರಿಕೆಟ್ ಟೀಮು ಬದಲಾಯಿಸಿ, ಸರ್ಕಾರ ಬೀಳಿಸಿ, ಸಿನಿಮಾ ಡೈರೆಕ್ಟರಿಗೆ ಬುದ್ಧಿ ಹೇಳಿ ಮುಗಿಸಿದರೂ ಲೋಟದಲ್ಲಿನ ಟೀ ಆರಿರುವುದಿಲ್ಲ. ಇವರದು ಮಾತ್ರ ಮೌನ. ಮರುದಿನ ಬೆಳಿಗ್ಗೆ ಎಲ್ಲಿಂದಲೋ ಒಂದು ವಾಕ್ಯ ತಂದು ಬೆಂಚಿನ ಮೇಲೆ ಇಡುತ್ತಾರೆ. "ಆ ಹುಡುಗ ಬಾಲಿಗೆ ಎದರ್ಲಿಲ್ಲ, ಜೊತೇಲಿದ್ದೋನ ಕೂಗಿಗೆ ಎದರಿ ಔಟಾದ." ಅಷ್ಟೇ! ನಮ್ಮ ಹಿಂದಿನ ದಿನದ ಒಂದು ಗಂಟೆಯ ಕೂಗಾಟವೆಲ್ಲ ದಂಡ.

ಇದು ವ್ಯಾಪಾರದ ಪಟ್ಟು ಎಂದೇ ನಾನು ತಿಳಿದಿದ್ದೆ. ನಿಮಗೂ ಹೇಳುತ್ತೇನೆ, ಗುಜರಿಗೆ ಹಾಕುವ ಸೈಕಲ್ಲಾದರೂ ಸರಿ, ಬೆಲೆಯನ್ನು ನೀವಾಗಿ ಮೊದಲು ಹೇಳಬೇಡಿ. ಎದುರಿನವನು ಚಡಪಡಿಸಲಿ. ಆದರೆ ಈ ಸಲ ಚಡಪಡಿಸುತ್ತಿದ್ದವನು ನಾನು! ನಮ್ಮ ಬೀದಿಯ ವರ್ತಕರ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೆ. ಎದುರಾಳಿ ಹಗ್ಗದ ಅಂಗಡಿಯವರು. ಮತದಾನ ಭಾನುವಾರ. ಯಜಮಾನರು ಬೆಂಚಿನ ಮೇಲಿಡುವ ಒಂದು ವಾಕ್ಯಕ್ಕೆ ಅರ್ಧ ಬೀದಿ ತಲೆಯಾಡಿಸುತ್ತದೆ. ಆ ವಾಕ್ಯ ನನ್ನ ಪರವಾಗಿರಬೇಕಲ್ಲ? ಸೋಮವಾರದಿಂದಲೇ ಅವರಿಗೆ ಟೀ ಕುಡಿಸತೊಡಗಿದೆ. "ನಾಳೆ ಹೇಳ್ತೀನಿ."

ಬುಧವಾರ ನನ್ನ ಖರ್ಚಿನಲ್ಲೇ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಇಂಟರ್ವಲ್ ಆದದ್ದೇ ಎದ್ದು ನಿಂತರು.

"ಎಲ್ಲಿಗೆ ಯಜಮಾನ್ರೇ?"

"ಮನೆಗೆ."

"ಇನ್ನೂ ಅರ್ಧ ಸಿನಿಮಾ ಇದೆಯಲ್ರೀ!"

"ಅದ್ಕೆ ನಾಳೆ ಬತ್ತೀನಿ."

"ಇದೇ ಸಿನಿಮಾಕ್ಕೆ ಇನ್ನೊಂದು ಟಿಕೆಟ್ಟಾ?"

"ಹೂಂ. ಅಂದಂಗೆ ಸಾವ್ಕಾರ್ರೇ, ಸಿನಿಮಾದಲ್ಲಿ ಆ ಅತ್ತೆ ಉಟ್ಟಿದ್ಲಲ್ಲ ಸೀರೆ, ನೇರಳೆ ತಾನೆ? ಅಂಚು ಹಸಿರೋ ಕಪ್ಪೋ?"

ನಾನು ನೋಡುತ್ತಿದ್ದದ್ದು ಆ ಅತ್ತೆಯ ಹೆಸರಿನಲ್ಲಿ ಎಷ್ಟು ಎಕರೆ ಇದೆ ಎಂದು! ಸೀರೆಯ ಅಂಚನ್ನು ಯಾವ ಗಂಡಸು ನೋಡುತ್ತಾನೆ?

ಪುಸ್ತಕದ್ದೂ ಇದೇ ಕಥೆ. ಲೈಬ್ರರಿಯಿಂದ ದಪ್ಪ ಕಾದಂಬರಿ ತರುತ್ತಾರೆ, ದಿನಕ್ಕೆ ಹತ್ತೇ ಪುಟ. ಯಾಕೆ ಎಂದರೆ "ಜಾಸ್ತಿ ಓದಿದ್ರೆ ಗಂಟಲು ಕಟ್ಟುತ್ತೆ" ಎನ್ನುತ್ತಾರೆ. ಓದಿ ಕಣ್ಣು ನೋಯಿಸಿಕೊಂಡವರನ್ನು ಕಂಡಿದ್ದೇನೆ. ಗಂಟಲು ಕಟ್ಟಿಕೊಂಡವರುಂಟೇ? ರಾಜಕೀಯವಂತೂ ಕೇಳಲೇಬೇಡಿ. ಹಿಂದೊಮ್ಮೆ ಅಭ್ಯರ್ಥಿಯೊಬ್ಬರು ನಮ್ಮ ಬೀದಿಗೆ ಕೈಮುಗಿಯುತ್ತ ಬಂದಾಗ ನಾವು ಹಿಂದಿದ್ದ ಕಾರುಗಳನ್ನು ಎಣಿಸಿದರೆ, ಇವರು ಆತನ ತೋಳಿನ ಗುಂಡಿಯನ್ನೇ ದಿಟ್ಟಿಸುತ್ತಿದ್ದರು. ಮರುದಿನ ಬಂದ ವಾಕ್ಯ: "ಗುಂಡೀನ ತಾನೇ ಹೊಲ್ಕೊಂಡವ್ನೆ, ದಾರದ ಬಣ್ಣ ಬೇರೆ. ಪರವಾಗಿಲ್ಲ ಮನುಷ್ಯ."

ಶನಿವಾರ ಸಂಜೆಯಾದರೂ ನನ್ನ ವಾಕ್ಯ ಬರಲಿಲ್ಲ. ಇನ್ನು ಕಾಯುವುದು ದಡ್ಡತನ ಎಂದುಕೊಂಡು, ಅರ್ಧ ಕೆಜಿ ಮೈಸೂರು ಪಾಕು ಕಟ್ಟಿಸಿ ನಜರ್‌ಬಾದಿನ ಅವರ ಮನೆಗೇ ಹೊರಟೆ. ಇಪ್ಪತ್ತು ವರ್ಷ ಎದುರುಬದುರು ಅಂಗಡಿ ಇಟ್ಟುಕೊಂಡಿದ್ದರೂ ಆ ಮನೆಯ ಹೊಸ್ತಿಲು ನೋಡಿದ್ದು ಅಂದೇ. ಬಾಗಿಲು ತೆರೆದಿತ್ತು, ಪರದೆ ಎಳೆದಿತ್ತು. ಒಳಗೆ ಅವರ ದನಿ.

"ಅಂಗಡಿ ಮುಂದೆ ಬಕೆಟ್ ಗೋಪುರ. ಪಕ್ಕದಲ್ಲಿ ಇವರು. ಹೊಟ್ಟೆ ಬಕೆಟ್‌ಗಿಂತ ಒಂದು ಸೈಜು ದೊಡ್ಡದು."

ಹೆಂಗಸೊಬ್ಬರ ನಗು. "ಅಂಗಿ?"

"ನೀಲಿ. ಕಾಲರ್ ಸವೆದದ್ದಕ್ಕೆ ಮಗುಚಿ ಹೊಲಿಸವ್ರೆ."

"ಅಂದ್ರೆ ಸಂಘದ ದುಡ್ಡು ಪೋಲು ಮಾಡಕಿಲ್ಲ ಬುಡಿ. ನಗು ಎಂಗೈತೆ?"

"ನೋಡಿಲ್ಲ ಕಣೇ. ಗಿರಾಕಿ ಬಂದಾಗ ನಗ್ತಾರೆ, ಅದು ಲೆಕ್ಕಕ್ಕಿಲ್ಲ."

"ನಗು ತಿಳೀದೆ ನಾನು ಏನಂತ ಏಳ್ಲಿ? ನೋಡ್ಕಂಡು ಬನ್ನಿ."

ಪರದೆ ಗಾಳಿಗೆ ಸರಿಯಿತು. ಹೊಲಿಗೆ ಮಿಷನ್ ಮುಂದೆ ಕುಳಿತ ಆಕೆ ಬೆರಳಿನಿಂದ ತಡವಿ ತಡವಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಮುಖ ಗಂಡನ ಕಡೆಗಿತ್ತು, ದೃಷ್ಟಿ ಎಲ್ಲಿಯೂ ಇರಲಿಲ್ಲ.

ಯಜಮಾನರು ನನ್ನನ್ನು ಕಂಡು ಹೊರಗೆ ಬಂದರು. "ಕಣ್ಣು ಹೋಗಿ ಆರು ವರ್ಷ ಆಯ್ತು ಕಣ್ರೀ," ಎಂದರು, ಮಿಷನ್ನಿನ ರಿಪೇರಿ ವಿವರಿಸುವಷ್ಟೇ ಸಲೀಸಾಗಿ. "ಒಂದ್ಸಲ ಥಿಯೇಟರ್‌ಗೆ ಕರ್ಕೊಂಡೋಗಿದ್ದೆ. ಬರೀ ಸದ್ದು, ಸೀರೆ ಬಣ್ಣ ಯಾರೂ ಏಳಕಿಲ್ಲ ಅಂದ್ಬುಟ್ಲು. ಆವತ್ತಿಂದ ನಾನೇ ನೋಡ್ಕೊಂಡು ಬಂದು ಹೇಳ್ತೀನಿ. ಅಭಿಪ್ರಾಯ ಎಲ್ಲಾ ಅವಳದೇ."

"ಅರ್ಧ ಸಿನಿಮಾ ಯಾಕೆ?"

"ಪೂರ್ತಿ ಹೊತ್ಕೊಂಡು ಬಂದ್ರೆ ದಾರೀಲೇ ಚೆಲ್ಲೋಗುತ್ತೆ."

ಪೊಟ್ಟಣವನ್ನು ಅವರ ಕೈಗಿಟ್ಟೆ. "ತಿಂದು ನೋಡಕ್ಕೆ ಹೇಳಿ, ತುಪ್ಪ ಚೆನ್ನಾಗಿದೆ," ಎಂದಷ್ಟೇ ಹೇಳಿ ಬಂದೆ.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ: ಎರಡು ಮತದಲ್ಲಿ ಸೋತೆ.

ಭಾನುವಾರ ಬೆಳಿಗ್ಗೆ, ಮತದಾನ ಶುರುವಾಗುವ ಮೊದಲು, ಯಜಮಾನರು ಟೀ ಅಂಗಡಿಯಲ್ಲಿ ನನ್ನ ಎದುರಿಗೇ ಬಂದು ಕುಳಿತು ಮುಖವನ್ನೇ ನೋಡತೊಡಗಿದರು. ಯಾತಕ್ಕೆಂದು ನನಗೆ ಗೊತ್ತಿತ್ತು. ಇವತ್ತು ನೋಡಿದ್ದು ಸಂಜೆ ಮನೆ ಸೇರಿ, ವಾಕ್ಯವಾಗಿ ನನ್ನ ಬೀದಿಗೆ ಬರುವುದು ಸೋಮವಾರ. ಅಷ್ಟು ಹೊತ್ತಿಗೆ ಮತ ಎಣಿಸಿ ಮುಗಿದಿರುತ್ತದೆ. ಬೇರೆ ದಿನವಾಗಿದ್ದರೆ "ಈಗಲೇ ಹೇಳ್ರೀ" ಎಂದು ಜಗ್ಗಾಡುತ್ತಿದ್ದೆ. ಅವತ್ತು ಬಕೆಟ್‌ಗಿಂತ ಒಂದು ಸೈಜು ದೊಡ್ಡ ಹೊಟ್ಟೆ ನೆನಪಾಗಿ, ಮಾರುವುದೇನೂ ಇಲ್ಲದೆ ನಕ್ಕುಬಿಟ್ಟೆ.

ಅವರು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ಇದ್ದರು.

"ಬಲಗಡೆ ಒಂದು ಹಲ್ಲಿಲ್ಲ ಯಜಮಾನ್ರೇ, ಅದನ್ನೂ ಹೇಳಿ," ಎಂದೆ. "ನಿಧಾನವಾಗಿ ನೋಡಿ. ಇವತ್ತು ಅರ್ಧ ತಗೊಂಡೋಗಿ. ಉಳಿದರ್ಧ ನಾಳೆ ನಗ್ತೀನಿ."