ಕಿತ್ತ ಹಲ್ಲು, ಭಾವನ ನಾಲಗೆ

"ಹೆಂಗಸು ಹೋಟೆಲು ನಡೆಸುದಾ? ತಿಂಗಳೊಳಗೆ ಬಾಗಿಲು ಹಾಕದಿದ್ದರೆ ಕೇಳು" ಎಂದಿದ್ದರು ಭಾವ. ಭಾವ ಎಂದರೆ ತೀರಿಹೋದ ನನ್ನ ಗಂಡನ ಅಣ್ಣ. ಸುಳ್ಯದಲ್ಲೇ, ನಮ್ಮ ಮನೆಯ ಹಿಂದಿನ ಮನೆ ಅವರದು. ಆಗ ನಯಾಪೈಸೆ ಬಂದ ಹೊಸತು. ಬಸ್ಸು ನಿಲ್ಲುವಲ್ಲಿ ನಾನು ಹೋಟೆಲು ಶುರುಮಾಡಿದ ವಾರವೇ ದವಡೆ ಹಲ್ಲು ಕೈಕೊಟ್ಟಿತು. ಪುತ್ತೂರಿಗೆ ಹೋಗಿ ಕೀಳಿಸಿದೆ. ಹಲ್ಲು ಹೋದರೆ ಕಥೆ ಮುಗಿಯಿತು ಎನ್ನುವವರು ಹಲ್ಲು ಕೀಳಿಸದವರು. ಕಥೆಗಳೆಲ್ಲ ಬರುವುದೇ ಆಮೇಲೆ.

ಬಸ್ಸಿನಲ್ಲಿ

ಬಾಯಲ್ಲಿ ಹತ್ತಿ ಕಚ್ಚಿಕೊಂಡು ವಾಪಸು ಬಸ್ಸು ಹತ್ತಿದೆ. ಕಿಟಕಿಯಿಂದ ಉಗುಳಿದರೆ ಕೆಂಪೋ ಕೆಂಪು. ಪಕ್ಕದ ಅಜ್ಜಿ ಆಸೆಯಿಂದ ನೋಡಿ, "ಒಂದು ವೀಳ್ಯದೆಲೆ ಉಂಟಾ ಮಗಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

"ಒಬ್ಬಳೇ ತಿನ್ನುದಾ?"

ಸಿಟ್ಟು ಬಂದು ಬಾಯಿ ತೆರೆದು ಗಾಯವನ್ನೇ ತೋರಿಸಿದೆ. ಅಜ್ಜಿ ಬಗ್ಗಿ ನೋಡಿ, "ಅಯ್ಯೋ, ಸುಣ್ಣ ಜಾಸ್ತಿ ಹಾಕಿದ್ದೀ" ಎಂದರು.

ಇಲ್ಲದ ಹಲ್ಲು

ದಿನ ಕಳೆದರೂ ಇಲ್ಲದ ಹಲ್ಲು ನೋಯುತ್ತಿತ್ತು. ನಾಲಗೆ ಜೋಮು ಹಿಡಿದು ಬೇರೆ ಯಾರದೋ ನಾಲಗೆಯ ಹಾಗಿತ್ತು. ಪುನಃ ಪುತ್ತೂರಿಗೆ ಓಡಿದೆ. ನಾನು ಶಾಲೆ ಕಂಡವಳಲ್ಲ. ಅಂಗಡಿ ಬೋರ್ಡು, ಸಾಮಾನು ಕಟ್ಟಿದ ಪೇಪರು ನೋಡಿ ಓದಲು ಕಲಿತವಳು. ಹಾಗಾಗಿ ಕಂಡದ್ದನ್ನೆಲ್ಲ ಓದುವ ಚಟ. ಡಾಕ್ಟರ ಗೋಡೆಯಲ್ಲಿದ್ದ ಬಾಯಿರೋಗಗಳ ಹಾಳೆ ಓದಿ ಮುಗಿಸುವಾಗ ಅವೆಲ್ಲವೂ ನನಗೆ ಬಂದಾಗಿತ್ತು.

ಡಾಕ್ಟರು ಬಾಯಿ ನೋಡಿ, "ಗಾಯ ಚೆನ್ನಾಗಿ ಉಂಟು. ಜೋಮು ತಾನಾಗಿ ಬಿಡ್ತದೆ. ನೋಯುದು ಯಾವುದು?" ಎಂದರು.

"ನೀವು ಕಿತ್ತ ಹಲ್ಲು."

"ಅದನ್ನು ನೀವು ಮನೆಗೆ ಕೊಂಡುಹೋದಿರಲ್ಲ?"

ಹೌದು, ಕೇಳಿಯೇ ತಂದಿದ್ದೆ. ನನ್ನ ಹಲ್ಲು, ದುಡ್ಡು ಕೊಟ್ಟು ಕೀಳಿಸಿದ್ದು, ಬಿಟ್ಟು ಬರುವುದುಂಟಾ?

"ಹಾಗಾದರೆ ಇನ್ನು ನೋವಾದರೆ ಅದನ್ನೇ ಕಳಿಸಿಕೊಡಿ, ಮದ್ದು ಹಾಕುವ. ನೀವು ಬರುದು ಬೇಡ."

ಉಪ್ಪು

ಜೋಮು ಬಿಡುವವರೆಗೆ ಸಾಂಬಾರಿನ ಉಪ್ಪು ನೋಡುವವರು ಯಾರು? ಎದುರಿಗೇ ಇನ್ನೊಂದು ಹೋಟೆಲು ಉಂಟು. ರುಚಿ ಕೆಟ್ಟರೆ ಗಿರಾಕಿಗಳು ರಸ್ತೆ ದಾಟುತ್ತಾರೆ, ಭಾವನ ಮಾತು ನಿಜವಾಗುತ್ತದೆ. ಒಂದು ಬೆಳಿಗ್ಗೆ ಹತ್ತಿರದ ಮಂಡೆಕೋಲು ಹಳ್ಳಿಯ ಬ್ಯಾರಿ ವ್ಯಾಪಾರಿಯೊಬ್ಬರು ಇಡ್ಲಿ ಬಿಟ್ಟು ಬರೀ ನೀರು ಕುಡಿದು, "ಅಕ್ಕಾ, ಸಮುದ್ರ ಇದ್ದದ್ದು ಮಂಗಳೂರಲ್ಲಿ ಅಲ್ಲವಾ? ಸುಳ್ಯಕ್ಕೆ ಯಾವಾಗ ಬಂತು ಮಾರಾಯ್ರೆ?" ಎಂದರು.

ಅದೇ ಹೊತ್ತಿಗೆ, ಬಾಗಿಲು ಹಾಕಿದೆಯೋ ಎಂದು ನೋಡಲು ಭಾವ ಬಂದರು. ನನಗೆ ರುಚಿ ತಿಳಿಯುವುದಿಲ್ಲ ಎಂದು ಅವರೆದುರು ಒಪ್ಪುವವಳು ನಾನಲ್ಲ.

"ಭಾವ, ಉಪ್ಪಿನ ಹದ ನಿಮ್ಮಷ್ಟು ಗೊತ್ತಿರುವವರು ಈ ಊರಲ್ಲಿ ಯಾರಿದ್ದಾರೆ?" ಎಂದು ಅವರ ಅಂಗೈಗೆ ಸಾಂಬಾರು ಬಿಟ್ಟೆ.

ನೆಕ್ಕಿ ಮುಖ ಕಿವುಚಿದರು. "ಎಂತ ಇದು! ತೆಂಗಿನಕಾಯಿ ಅರೆದು ಹಾಕು, ನೀರು ಹಾಕು!"

ಮರುದಿನ ಕರೆಯದೆಯೇ ಬಂದರು. ಅದರ ಮರುದಿನವೂ ಬಂದರು. ಗಿರಾಕಿಗಳು ಉಳಿದರು, ನನ್ನ ನಾಲಗೆಯೂ ಸರಿಯಾಯಿತು. ಭಾವ ಮಾತ್ರ ನಿಲ್ಲಲಿಲ್ಲ. ನಾನೇ ಹದ ಮಾಡಿಟ್ಟ ಸಾಂಬಾರು ನೆಕ್ಕಿ, "ಒಂದು ಚಿಟಿಕೆ ಬೇಕು" ಎನ್ನುತ್ತಾರೆ. ನಾನು ಬರೀ ಬೆರಳಲ್ಲಿ ಉಪ್ಪು ಹಾಕಿದ ಹಾಗೆ ಮಾಡಿ ಸೌಟು ತಿರುಗಿಸುತ್ತೇನೆ. ಪುನಃ ನೆಕ್ಕುತ್ತಾರೆ.

"ಹಾಂ, ಈಗ ಸರಿ. ನಾನಿಲ್ಲದಿದ್ದರೆ ಈ ಹೋಟೆಲು ಎಂದೋ ಮುಚ್ಚುತ್ತಿತ್ತು."

ಈಗ ಹೋಟೆಲಿನ ಕಟ್ಟಡ ನನ್ನದು, ಬೆಂಚು ಮೇಜು ನನ್ನದು. ಅದಕ್ಕೆ ನಾನು ತೆತ್ತದ್ದು ಒಂದು ದವಡೆ ಹಲ್ಲು, ಮತ್ತೆ ಇವತ್ತಿಗೂ ದಿನಾ ಬೆಳಿಗ್ಗೆ ಭಾವನಿಗೆ ಇಡ್ಲಿ, ಚಾ. ಸಾಂಬಾರು ಎರಡು ಸಲ ಹಾಕಿಸಿಕೊಳ್ಳುತ್ತಾರೆ.