ಹೇಳದೆ ಕೇಳದೆ ಕೆಲಸ ಬಿಟ್ಟ ಹಳದಿ ಬಾಣಕ್ಕೆ

ಟೀವಿ ಪರದೆಯ ನೆತ್ತಿಯ ಮೇಲೆ ಹಗಲಿರುಳೆನ್ನದೆ ಮಿನುಗುತ್ತ, ದಾರಿ ಕೇಳದವರಿಗೂ ದಾರಿ ತೋರಿಸುತ್ತಿದ್ದ ಮಾನ್ಯ ಹಳದಿ ಬಾಣದವರೇ,

ಸಾಷ್ಟಾಂಗ ನಮಸ್ಕಾರಗಳು. ತಮ್ಮ ಮೊನೆ ಕ್ಷೇಮವೆಂದು ನಂಬಿದ್ದೇನೆ.

ದೂರಿಗೆ ಮೊದಲು ತಪ್ಪೊಪ್ಪಿಗೆ ಸಲ್ಲಬೇಕು. ಹೋದ ಯುಗಾದಿಯ ಮರುದಿನ ಈ ವಿಡಿಯೊ ಗೇಮಿನಲ್ಲಿ ತಾವು ನನಗೆ ವಹಿಸಿದ ಮೊಟ್ಟಮೊದಲ ಕೆಲಸವೆಂದರೆ, ಮೇಲ್ಸೇತುವೆಯ ಕೆಳಗೆ ಕಾಯುತ್ತಿರುವ ನೀಲಿ ಕೋಟಿನ ಹೆಂಗಸಿಗೆ ಒಂದು ಚೀಲ ತಲುಪಿಸುವುದು. ಎಂಟು ತಿಂಗಳು ನಾನು ಅದನ್ನು ತಲುಪಿಸಲಿಲ್ಲ. ಆಕೆ ಮಳೆಬಿಸಿಲೆನ್ನದೆ ಕೈಗಡಿಯಾರ ನೋಡಿಕೊಳ್ಳುತ್ತ ನಿಂತೇ ಇದ್ದಳು. ಚೀಲ ನನ್ನ ಕಾರಿನ ಡಿಕ್ಕಿಯಲ್ಲಿಯೇ ಇತ್ತು. ಆ ಕಾರೂ ನನ್ನದಲ್ಲ, ಆಟದೊಳಗಿನ ಯಾರದೋ ಮನೆಯ ಮುಂದಿನಿಂದ ಎತ್ತಿದ್ದು. ಆ ಮನೆಯವರು ಕ್ಷಮಿಸಲಿ.

ನನ್ನ ಕಷ್ಟವೂ ತಮಗೆ ತಿಳಿಯಲಿ. ನಾನು ಪೀಣ್ಯದ ಗೇರ್ ಕಾರ್ಖಾನೆಯೊಂದರಲ್ಲಿ ಉತ್ಪಾದನೆಯ ಲೆಕ್ಕ ಹಾಕುವವನು. ಗಂಟೆಗೆ ನಲವತ್ತೆರಡು ಗೇರು ಆಗಲೇಬೇಕೆಂದು ಬೋರ್ಡಿನ ಮೇಲೆ ಬರೆಯುವವನೂ ನಾನೇ, ಮೂವತ್ತೊಂಬತ್ತಾದಾಗ ಬೈಸಿಕೊಳ್ಳುವವನೂ ನಾನೇ. ಗೋಡಂಬಿಯ ಗೇರಾಗಿದ್ದರೆ ಉಳಿದ ಮೂರನ್ನು ತಿಂದೆನೆಂದಾದರೂ ಹೇಳಬಹುದಿತ್ತು. ಬ್ರೂಕ್‌ಫೀಲ್ಡಿನ ಮನೆಯಿಂದ ಅಲ್ಲಿಗೆ ಹೋಗಲು ಎರಡು ಗಂಟೆ, ಬರಲು ಎರಡೂವರೆ. ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎಂದು ಹಿರಿಯರು ಹೇಳಿದ್ದು ನಿಜ. ಆದರೆ ಬೆಳಗ್ಗೆಯಿಂದ ಗುರಿಯನ್ನೇ ಉಂಡವನಿಗೆ ಸಂಜೆಯ ಫಲಾಹಾರಕ್ಕೂ ಅದನ್ನೇ ಬಡಿಸುವುದು ಯಾವ ನ್ಯಾಯ? ಆದ್ದರಿಂದ ತಾವು ಮೇಲ್ಸೇತುವೆಯತ್ತ ಬೆರಳು ಮಾಡಿದಾಗಲೆಲ್ಲ ನಾನು ಸ್ವಚ್ಛಂದವಾಗಿ ಬೇರೆ ಕಡೆ ಹೋದೆ. ತೆರೆದಿದ್ದ ಮನೆಗಳನ್ನು ಹೊಕ್ಕೆ, ಹಡಗುಗಳನ್ನು ಎಣಿಸಿದೆ, ಸಿಗ್ನಲ್ಲಿಲ್ಲದ ರಸ್ತೆಯಲ್ಲಿ ಸುಮ್ಮನೆ ನಿಂತು ಆ ಸುಖವನ್ನು ಅನುಭವಿಸಿದೆ.

ದಸರೆಯ ಮೇಲೆ ನನಗೊಬ್ಬರು ಸಹಪ್ರಯಾಣಿಕರು ಸಿಕ್ಕರು. ನನ್ನ ಹೆಂಡತಿ ಶಾಂಭವಿಯ ತಾಯಿ ಚನ್ನಕ್ಕನವರು ರಾಣೆಬೆನ್ನೂರಿನಿಂದ ಮೊಣಕಾಲಿನ ಆಪರೇಷನ್ನಿಗೆಂದು ಬಂದು, ಆರು ವಾರ ನಮ್ಮ ಸೋಫಾದಲ್ಲಿ ಕಾಲು ಚಾಚಿ ಕೂರಬೇಕಾಯಿತು. ಊರಿನಲ್ಲಿ ದಿನಕ್ಕೆರಡು ಸಲ ಕೆರೆ ಏರಿಯ ಮೇಲೆ ನಡೆದು ಬರುವ ಜೀವ ಅದು. ಮೊದಲ ವಾರ ಗೋಡೆ ನೋಡಿದರು, ಎರಡನೆಯ ವಾರ ನನ್ನ ಆಟ ನೋಡಿದರು, ಮೂರನೆಯ ವಾರದಿಂದ ನಾನು ಬೂಟು ಬಿಚ್ಚುವ ಮೊದಲೇ, "ಇವತ್ತ ಎಲ್ಲಿ ಅಡ್ಡಾಡಸ್ತೀರಿ, ಅಳಿಯಾರ?" ಎಂದು ಕೇಳತೊಡಗಿದರು. ಅವರಿಗೆ ಮೆಚ್ಚಿಗೆಯಾದದ್ದು ಗುಡ್ಡದ ಮೇಲಿನ ಒಂದು ಕೆರೆ, ಅದರ ದಡದಲ್ಲೊಂದು ಬಿಳಿ ಆಕಳು. ಮುಟ್ಟಿದರೆ ಅಂಕವಿಲ್ಲ, ಹಿಂಡಿದರೆ ಹಾಲಿಲ್ಲ. ತಮ್ಮ ಇಲಾಖೆಯ ಕಡತದಲ್ಲಿ ಅದರ ಹೆಸರೂ ಇರಲಾರದು. ಆದರೆ ಚನ್ನಕ್ಕನವರು, "ನೋಡ್ರಿ, ನಮ್ಮ ಗೌರಿ ಹಂಗ ಕಿವಿ ಬಡೀತಾಳ" ಎಂದು ದಿನವೂ ಅದರ ಮುಂದೆ ಹತ್ತು ನಿಮಿಷ ಕೂರುತ್ತಿದ್ದರು. ಹದಿನಾಲ್ಕು ವರ್ಷಗಳ ಅಳಿಯತನದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು.

ಭಾನುವಾರ ಮಧ್ಯಾಹ್ನ ಅವರ ರೈಲು. ಬೆಳಗ್ಗೆ ಕಡೆಯ ಸಲ ಆಕಳನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಆಟದ ಈ ಊರು ನನಗೆ ಅಂಗೈಯಿದ್ದ ಹಾಗೆ, ಯಾವ ಬಾಣದ ಹಂಗಿನಲ್ಲೂ ನಡೆದವನಲ್ಲ ನಾನು ಎಂದೂ ಸೇರಿಸಿದ್ದೆ.

ಆದರೆ ಶನಿವಾರ ನಾನು ಕಾರ್ಖಾನೆಯಲ್ಲಿದ್ದಾಗ ಶಾಂಭವಿ ಆಟಕ್ಕೆ ಕೂತಳು. ಆಕೆ ವೈಟ್‌ಫೀಲ್ಡಿನ ಕಂಪನಿಯಲ್ಲಿ ಪ್ರಾಜೆಕ್ಟ್ ಲೀಡ್. ಗಡುವಿಗೆ ಎರಡು ದಿನ ಮೊದಲೇ ಕೆಲಸ ಮುಗಿಸಿದ್ದಕ್ಕೆ ಈ ಆಟದ ಪೆಟ್ಟಿಗೆಯನ್ನು ಬಹುಮಾನವಾಗಿ ತಂದವಳು. ಚೀಲವನ್ನು ತಲುಪಿಸಿದ್ದಷ್ಟೇ ಅಲ್ಲ, ಸಂಜೆಯೊಳಗೆ ಉಳಿದ ಇಪ್ಪತ್ತಾರು ಕೆಲಸಗಳನ್ನೂ ಚುಕ್ತಾ ಮಾಡಿದಳು. "ಎಂಟ್ ತಿಂಗಳಿಂದ ಒಂದ್ ಟಾಸ್ಕ್ ಪೆಂಡಿಂಗ್ ಇಟ್ಟೀರಲ್ರೀ! ನಮ್ಮ ಕ್ಲೈಂಟ್ ಆಗಿದ್ರ ಮೇಲಿನವ್ರಿಗೆ ಮೇಲ್ ಹಾಕಿರ್ತಿದ್ದ" ಎಂದಳು. ಪರದೆಯ ಮೇಲೆ ಅಭಿನಂದನೆ ಬಂತು, ಪಟಾಕಿ ಹಾರಿತು, ತಾವು ಮಾಯವಾದಿರಿ.

ಮಾನ್ಯರೇ, ಒಂದು ತಿಂಗಳ ನೋಟಿಸ್ ಕೊಡದೆ ನಮ್ಮ ಕಾರ್ಖಾನೆಯ ಕಸ ಗುಡಿಸುವವರೂ ಕೆಲಸ ಬಿಡುವುದಿಲ್ಲ. ತಮ್ಮ ಕರ್ತವ್ಯನಿಷ್ಠೆಯನ್ನು ನಾನು ಹೊಗಳದ ದಿನವಿಲ್ಲ: ಎಂಟು ತಿಂಗಳು ನಾನು ಮಾತು ಕೇಳದಿದ್ದರೂ ತಾವು ಮುಖ ಸಿಂಡರಿಸಲಿಲ್ಲ, ದನಿ ಏರಿಸಲಿಲ್ಲ, ಅಂಥ ಮೇಲಧಿಕಾರಿ ಪೀಣ್ಯ ಕೈಗಾರಿಕಾ ಪ್ರದೇಶದ ನಾಲ್ಕೂ ಹಂತಗಳಲ್ಲಿ ಒಬ್ಬರಿಲ್ಲ. ಅಂಥವರು ಭಾನುವಾರ ಬೆಳಗ್ಗೆಯೇ ಕೈಕೊಡುವುದೇ? ನಾನು ಚನ್ನಕ್ಕನವರನ್ನು ಕರೆದುಕೊಂಡು ಗುಡ್ಡಕ್ಕೆ ಹೊರಟವನು ಮೂರು ಸಲ ವಿಮಾನ ನಿಲ್ದಾಣ ತಲುಪಿದೆ, ಎರಡು ಸಲ ನೇರವಾಗಿ ನೀರಿಗಿಳಿದೆ. ಎರಡನೆಯ ಸಲ ಕಾರು ಮುಳುಗುವಾಗ ಅವರು, "ನಿಮ್ಮ ಅಂಗೈಯಾಗ ಬರೇ ಸಮುದ್ರನ ಐತೇನ್ರೀ, ಅಳಿಯಾರ?" ಎಂದರು. ಬ್ಯಾಗು ಬಾಗಿಲಲ್ಲಿತ್ತು, ಆಟೋದವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದ, ಅವರು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಸೋಫಾದ ತುದಿಯಲ್ಲಿ ಕೂತು, ಏಳಲೊಲ್ಲರು.

ಆದ್ದರಿಂದ ತಮ್ಮಲ್ಲಿ ವಿನಂತಿ: ತಾವು ಕೂಡಲೇ ಕೆಲಸಕ್ಕೆ ಹಾಜರಾಗಿ ಮೊದಲಿನಂತೆ ಮೇಲ್ಸೇತುವೆಯತ್ತಲೇ ಮಿನುಗಬೇಕು, ನೀಲಿ ಕೋಟಿನ ಆ ತಾಯಿಯಿಂದ ಚೀಲವನ್ನು ಮರಳಿ ಪಡೆದು ನನ್ನ ಡಿಕ್ಕಿಗೆ ಹಾಕಿಸಬೇಕು, ಆಕೆಗೆ ಈ ಬಾರಿ ಒಂದು ಕುರ್ಚಿಯನ್ನೂ ಕೊಡಿಸಬೇಕು, ಬಿಡುವಿದ್ದರೆ ಮಾರತ್ತಹಳ್ಳಿಯ ಸಿಗ್ನಲ್ಲಿನ ಮೇಲೂ ಒಂದು ಗಂಟೆ ನಿಂತು, ದಾರಿ ಎಂಬುದು ಇದೆಯೋ ಇಲ್ಲವೋ ತಿಳಿಸಬೇಕು. ಮಾತು ಕೇಳದವನಿಗೆ ಬಾಣವೇಕೆ ಎಂದು ಮಾತ್ರ ದಯಮಾಡಿ ಕೇಳಬಾರದು.

ತಮಗೆ ಬೆನ್ನು ಮಾಡಿಯೂ ತಮ್ಮ ವಿಶ್ವಾಸಿಯೇ ಆದ,
ಪರಮಾನಂದ
ಬ್ರೂಕ್‌ಫೀಲ್ಡ್

ಮರೆತ ಮಾತು: ತಾವು ಕೇಳಿಯೇ ಕೇಳುತ್ತೀರಿ, ಹೇಳಿಬಿಡುತ್ತೇನೆ. ಆಕಳು ಅವತ್ತೇ ಸಿಕ್ಕಿತು. ಚನ್ನಕ್ಕನವರು, "ಕೆಂಪ್ ಹೆಂಚಿನ ಮನಿ, ಆಮ್ಯಾಲೆ ನೀರಿನ ಟಾಕಿ, ಅಲ್ಲಿ ಎಡಕ್ಕ ಹೊಳ್ರಿ. ದಿನಾ ಹೋಗ್ತಿದ್ವಲ್ರೀ, ನೀವು ಏನ್ ನೋಡ್ಕೋತ ಹೋಗ್ತಿದ್ರಿ?" ಎಂದರು. ನಾನು ತಮ್ಮನ್ನೇ ನೋಡುತ್ತಿದ್ದೆ, ಮಾನ್ಯರೇ. ತಾವು ಎಡವೆಂದರೆ ಬಲ, ಮುಂದೆ ಎಂದರೆ ಹಿಂದೆ. ಎಂಟು ತಿಂಗಳ ನನ್ನ ಸ್ವಚ್ಛಂದವೆಲ್ಲ ಅಷ್ಟೇ. ತಾವೇನೂ ಬೀಗಬೇಕಾಗಿಲ್ಲ, ತಮ್ಮ ಜಾಗ ಭರ್ತಿಯಾಗಿದೆ. ಈಗ ಪ್ರತಿ ಭಾನುವಾರ ಫೋನನ್ನು ಸ್ಪೀಕರಿಗೆ ಹಾಕಿ ಸೋಫಾದ ಮೇಲಿಟ್ಟುಕೊಂಡು, ಪರದೆಯಲ್ಲಿ ಕಂಡದ್ದನ್ನು ಚನ್ನಕ್ಕನವರಿಗೆ ಹೇಳುತ್ತೇನೆ. ಅವರು ರಾಣೆಬೆನ್ನೂರಿನ ಕೆರೆ ಏರಿಯ ಮೇಲೆ ನಡೆಯುತ್ತಲೇ ದಾರಿ ಹೇಳುತ್ತಾರೆ. ತಪ್ಪಿದರೆ ಅವರು ತಮ್ಮಂತೆ ಮಿನುಗುವುದಿಲ್ಲ, ಬೈಯುತ್ತಾರೆ. ಎಡಕ್ಕೆಂದರೆ ಎಡಕ್ಕೇ ತಿರುಗುತ್ತಿದ್ದೇನೆ.