ಫರ್ನೇಸಿಗೊಂದು ಫ್ಯಾನು ಹುಡುಕಿದ್ದು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ವಿಶ್ರಾಂತಿ ಸಿಗುತ್ತದೆ ಎಂದು ನಂಬಿಸಿದವರಿಗೆ ಸ್ವಂತ ಮನೆ ಇದ್ದಿರಲಾರದು. ಆಸ್ಪತ್ರೆಯ ಕೆಲಸದಲ್ಲಿದ್ದಾಗ ಭಾನುವಾರವಾದರೂ ನನಗೆ ರಜೆ ಇರುತ್ತಿತ್ತು. ಮನೆಗೆ ಭಾನುವಾರವೆಂದರೆ ಏನೆಂದೇ ಗೊತ್ತಿಲ್ಲ. ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಗೆ ಈಗ ಇಪ್ಪತ್ತೆರಡು ವರ್ಷ. ಈ ವಯಸ್ಸಿಗೆ ಮಕ್ಕಳಾದರೆ ತಮ್ಮ ಪಾಡಿಗೆ ತಾವು ಹೋಗುತ್ತಾರೆ, ಮನೆ ಮಾತ್ರ ಆಗಷ್ಟೇ ರಚ್ಚೆ ಹಿಡಿಯಲು ಶುರುಮಾಡುತ್ತದೆ. ಒಂದು ವರ್ಷ ಡಿಶ್‌ವಾಶರ್, ಮರುವರ್ಷ ಗ್ಯಾರೇಜಿನ ಬಾಗಿಲು. ಪ್ರತಿಯೊಂದಕ್ಕೂ ಯಾರಿಗೋ ಫೋನ್ ಮಾಡಿ, ಎಂಟರಿಂದ ಹನ್ನೆರಡರೊಳಗೆ ಬರುತ್ತೇವೆ ಎಂಬ ಅವರ ಮಾತನ್ನು ನಂಬಿ, ಸ್ನಾನಕ್ಕೂ ಹೋಗದೆ ಕಿಟಕಿಯ ಬಳಿ ನಿಂತಿರುವುದೇ ನನ್ನ ಈಗಿನ ಉದ್ಯೋಗ.

ಹೋದ ಜನವರಿಯಲ್ಲಿ, ಚಳಿಗಾಲಕ್ಕೆ ಇಡೀ ಮನೆಯನ್ನು ಬಿಸಿಯಾಗಿಡುವ ಫರ್ನೇಸಿನ ಸರದಿ ಬಂತು. ಒಂದು ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಶಾರದಾ, “ರೀ, ಬೇಸ್‌ಮೆಂಟಲ್ಲಿ ಏನೋ ಸೌಂಡ್ ಬರ್ತಿದೆ. ಮಿಕ್ಸಿಗೆ ಕಲ್ಲು ಬಿದ್ದ ಹಾಗಿದೆ” ಎಂದಳು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಆ ಸದ್ದೂ ನಿಂತಿತು, ಮನೆಯ ಬಿಸಿಯೂ ನಿಂತಿತು. ಹೊರಗೆ ಹಿಮ ಗಟ್ಟಿಯಾಗಿ ಕೂತಿತ್ತು. ಬೇರೆ ದಿನವಾಗಿದ್ದರೆ ನಾವಿಬ್ಬರೂ ಕೋಟು ಹಾಕಿಕೊಂಡು ಹೇಗೋ ದಿನ ದೂಡುತ್ತಿದ್ದೆವು. ಆದರೆ ಮನೆಯಲ್ಲಿ ಕಮಲಕ್ಕ ಇದ್ದರು. ಅವರು ಶಾರದಾಳ ಅಕ್ಕ, ವಯಸ್ಸು ಎಪ್ಪತ್ತೈದು, ಮೈಸೂರಿನ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಾ ಮೂವತ್ತು ವರ್ಷ ಕಳೆದವರು. ತಂಗಿ ಎಷ್ಟು ಕರೆದರೂ ಬಾರದವರು, ಗಂಡ ತೀರಿಕೊಂಡ ಮೇಲೆ ಮೊದಲ ಸಲ ವಿಮಾನ ಹತ್ತಿ ಬಂದು ಇನ್ನೂ ಎರಡು ವಾರವಾಗಿತ್ತು ಅಷ್ಟೆ.

ಮಧ್ಯಾಹ್ನ ರಿಪೇರಿಯ ಡೆನಿಸ್ ಬಂದ. ನಿಧಾನದ ಮನುಷ್ಯ. ಫರ್ನೇಸಿನ ಮುಚ್ಚಳ ತೆಗೆದು, ಬಸವನಹುಳುವಿನ ಚಿಪ್ಪಿನಂಥ ಪೆಟ್ಟಿಗೆಯೊಳಗಿದ್ದ ಪುಟ್ಟ ಫ್ಯಾನೊಂದನ್ನು ತೋರಿಸಿದ. ಅದರ ಹೆಸರು ಡ್ರಾಫ್ಟ್ ಬ್ಲೋವರ್. ಗ್ಯಾಸ್ ಉರಿದಾಗ ಬರುವ ಹೊಗೆಯನ್ನು ಮನೆಯಿಂದ ಹೊರಕ್ಕೆ ದೂಡುವುದು ಅದರ ಕೆಲಸ. ಅದು ತಿರುಗದಿದ್ದರೆ ಬೆಂಕಿಯೇ ಹೊತ್ತಿಕೊಳ್ಳದು. ಹೊತ್ತಿಕೊಳ್ಳಲೂಬಾರದು, ಯಾಕೆಂದರೆ ಆ ವಿಷದ ಹೊಗೆಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೂವತ್ತೈದು ವರ್ಷ ಶ್ವಾಸಕೋಶದ ಡಾಕ್ಟರಾಗಿದ್ದ ನನಗೆ ಇದನ್ನು ಅವನು ಬಹಳ ತಾಳ್ಮೆಯಿಂದ ವಿವರಿಸಿದ. ಈ ಮಾದರಿಯ ಬ್ಲೋವರ್ ಈಗ ತಯಾರಾಗುವುದಿಲ್ಲ, ಅದಕ್ಕೆ ಬದಲಿ ಇದೆ, ತಮ್ಮ ಕಂಪನಿ ತರಿಸಲು ಹನ್ನೊಂದು ದಿನ ಬೇಕು, ಇಲ್ಲವೇ ಫರ್ನೇಸನ್ನೇ ಬದಲಿಸಬಹುದು ಎಂದ.

“ನಾನೇ ಆನ್‌ಲೈನ್‌ನಲ್ಲಿ ಹುಡುಕಿ ತರಿಸುತ್ತೇನೆ, ನೀವು ಬಂದು ಹಾಕಿಕೊಡಿ” ಎಂದೆ. ಡೆನಿಸ್ ನನ್ನನ್ನೊಮ್ಮೆ ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಇಂಟರ್‌ನೆಟ್ಟಿನಲ್ಲಿ ಓದಿ, ಕಾಗದ ಪ್ರಿಂಟ್ ಮಾಡಿಕೊಂಡು ಬಂದು, ತಮಗೆ ಯಾವ ಔಷಧ ಬರೆಯಬೇಕೆಂದು ನನಗೇ ಹೇಳುತ್ತಿದ್ದ ರೋಗಿಗಳನ್ನು ನಾನು ಹಾಗೇ ನೋಡುತ್ತಿದ್ದೆ. ಹೊರಡುವಾಗ ಅವನು ಒಂದೇ ಮಾತು ಹೇಳಿದ: “ರೂಪ ನೋಡಿ ಆರಿಸಬೇಡಿ ಡಾಕ್ಟರ್, ನಂಬರ್ ನೋಡಿ ಆರಿಸಿ.”

ನಂಬರು ಮೋಟಾರಿನ ಪಕ್ಕದ ಚೀಟಿಯ ಮೇಲಿತ್ತು. ಇಪ್ಪತ್ತೆರಡು ವರ್ಷದ ಶಾಖಕ್ಕೆ ಚೀಟಿ ಕಂದು ಬಣ್ಣಕ್ಕೆ ತಿರುಗಿ, ಅಕ್ಷರಗಳು ಅರ್ಧಂಬರ್ಧ ಉಳಿದಿದ್ದವು. ಶಾರದಾ ಫೋನಿನ ಬೆಳಕು ಹಿಡಿದಳು. ಎಲ್ಲ ಅಂಕಿಗಳೂ ಹೇಗೋ ಸಿಕ್ಕವು. ಕೊನೆಯದು ಮಾತ್ರ ಎಂಟೋ, ಇಂಗ್ಲಿಷಿನ ಬಿಯೋ ತಿಳಿಯಲಿಲ್ಲ. ಶಾಲು ಹೊದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಹಿಂದೆಯೇ ಇಳಿದು ಬಂದಿದ್ದ ಕಮಲಕ್ಕ ಬಗ್ಗಿ ನೋಡಿ, “ಬಿ ಡಾಕ್ಟ್ರೇ ಅದು. ಎಡಗಡೆ ಗೆರೆ ನೆಟ್ಟಗಿದೆ ನೋಡಿ” ಎಂದರು.

“ಇಲ್ಲ ಕಮಲಕ್ಕ, ಎಂಟೇ ಇರಬೇಕು. ಉಳಿದವೆಲ್ಲ ಅಂಕಿಗಳಲ್ವಾ?”

“ನಿಮಗೆ ಹಾಗೆ ಕಂಡ್ರೆ ಹಾಗೇ ಇರಬಹುದಪ್ಪ.”

ಈ ಮಾತನ್ನು ಅವರು ಹೇಳಿದ ರೀತಿಯಿಂದಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳದೆ, ಎಂಟು ಎಂದೇ ಒತ್ತಿದೆ. ಪರದೆಯ ಮೇಲೆ ಒಂದೇ ತಾಯಿ ಹೆತ್ತಂಥ ಹದಿನಾಲ್ಕು ಬ್ಲೋವರ್‌ಗಳು ಮೂಡಿದವು. ನನ್ನ ನಂಬರಿಗೆ ಸರಿಯಾಗಿ ಹೊಂದುವುದು ಒಂದೂ ಇರಲಿಲ್ಲ. “ಇದಕ್ಕೆ ಬದಲಾಗಿ” ಎಂದು ಒಂದನ್ನು ತೋರಿಸುತ್ತಿತ್ತು. ಚಿತ್ರ ನೋಡಿದೆ. ನಮ್ಮದೇ ಚಿಪ್ಪು, ನಮ್ಮದೇ ಮೋಟಾರು. ಆರ್ಡರ್ ಮಾಡಿದೆ.

ಅದು ಬರುವವರೆಗೆ ಮೂರು ಹಾಸಿಗೆಗಳನ್ನು ಮಹಡಿಯಿಂದ ನಾನೇ ಇಳಿಸಿ ಫ್ಯಾಮಿಲಿ ರೂಮಿನಲ್ಲಿ ಹಾಸಿದೆ. ಮಧ್ಯೆ ಒಂದು ಎಲೆಕ್ಟ್ರಿಕ್ ಹೀಟರ್. ಎರಡನೆಯದನ್ನೂ ಹಚ್ಚಿದರೆ ಕರೆಂಟೇ ಹೋಗುತ್ತಿತ್ತು. ಗೋಡೆಯ ಥರ್ಮೋಸ್ಟಾಟ್ ಐವತ್ತೊಂದು ತೋರಿಸುತ್ತಿತ್ತು. ಕಮಲಕ್ಕ ಅದನ್ನು ನೋಡಿ, “ಐವತ್ತೊಂದು ಡಿಗ್ರಿನಾ? ರಾಯಚೂರಲ್ಲೂ ಅಷ್ಟು ಬಿಸಿಲಿರಲ್ಲ! ಮತ್ತೆ ನಾವ್ಯಾಕೆ ಹೀಗೆ ನಡುಗ್ತಿದೀವಿ?” ಎಂದು ಕೇಳಿದರು. ಅಮೆರಿಕದ ಡಿಗ್ರಿಯೇ ಬೇರೆ, ಊರಿನ ಲೆಕ್ಕದಲ್ಲಿ ಇದು ಬರೀ ಹನ್ನೊಂದು ಎಂದು ಹಲ್ಲು ಕಡಕಡಿಸುತ್ತಲೇ ವಿವರಿಸಿದೆ. ದೂರದ ಡರ್ಹಮ್‌ನಲ್ಲಿರುವ ಮಗಳು ಮೇಘಾ ವಿಡಿಯೋ ಕಾಲ್‌ನಲ್ಲಿ ಬಂದಳು. ನಮ್ಮ ಮೂವರ ಟೋಪಿಗಳನ್ನು ನೋಡಿ, “ಓ ಮೈ ಗಾಡ್ ಅಪ್ಪಾ! ಜಸ್ಟ್ ಗೆಟ್ ಎ ನ್ಯೂ ಫರ್ನೇಸ್! ದೊಡ್ಡಮ್ಮ ಈಸ್ ಫ್ರೀಜಿಂಗ್! ಎಲ್ಲರೂ ಇಲ್ಲಿ ಬನ್ನಿ, ಇಲ್ಲಿ ಹೀಟ್ ಇದೆ” ಎಂದಳು. “ಒಂದು ಫ್ಯಾನು ಅಷ್ಟೇ ಪುಟ್ಟಾ, ಗುರುವಾರ ಬರತ್ತೆ” ಎಂದು ನಾನು ಧೈರ್ಯ ಹೇಳಿದೆ.

ಗುರುವಾರ ಬಂತು. ಪೆಟ್ಟಿಗೆ ಬಿಚ್ಚಿ, ಡೆನಿಸ್ ಕಳಚಿಟ್ಟು ಹೋಗಿದ್ದ ಹಳೆಯದರ ಪಕ್ಕದಲ್ಲಿಟ್ಟೆ. ಎಲ್ಲವೂ ಅದೇ, ಆದರೆ ಕನ್ನಡಿಯಲ್ಲಿ ನೋಡಿದಂತೆ. ಹಳೆಯದರ ಬಾಯಿ ಬಲಕ್ಕಿದ್ದರೆ ಇದರದು ಎಡಕ್ಕೆ. ಇದನ್ನು ಹೇಗೆ ತಿರುವಿದರೂ ಒಂದೋ ಬಾಯಿ ಸರಿಯಾಗುತ್ತಿತ್ತು, ಇಲ್ಲವೇ ಸ್ಕ್ರೂ ತೂತುಗಳು ಸರಿಯಾಗುತ್ತಿದ್ದವು. ಆ ಹೊತ್ತಿಗೆ ನನಗೆ ಎಷ್ಟು ಸಾಕಾಗಿತ್ತೆಂದರೆ, ಒಂದು ತೂತನ್ನು ಸ್ವಲ್ಪ ಅಗಲ ಮಾಡಿ, ಉಳಿದ ಸಂದಿಗೆ ಟೇಪು ಸುತ್ತಿದರೆ ಹೇಗೆ ಎಂದು ಯೋಚಿಸಿದೆ. ಯೋಚಿಸಿದ್ದಷ್ಟೇ ಅಲ್ಲ, ಡ್ರಿಲ್ಲನ್ನು ಕೈಗೂ ತೆಗೆದುಕೊಂಡೆ. ಶಾರದಾ ಮೆಟ್ಟಿಲ ಮೇಲೆ ನಿಂತಿದ್ದಳು.

“ಏನ್ ಮಾಡ್ತಿದೀರಾ?”

“ಸ್ವಲ್ಪ ಅಡ್ಜಸ್ಟ್ ಮಾಡ್ತಿದೀನಿ.”

“ಹೊಗೆ ಹೊರಗೆ ಹೋಗದೆ ಒಳಗೇ ಬಂದ್ರೆ?”

ನಾನು ಟೇಪಿನ ಸುರುಳಿ ಎತ್ತಿ ತೋರಿಸಿದೆ. “ನಿಮ್ಮ ಪೇಷಂಟ್‌ಗೆ ಪಕ್ಕದ ಮನೆ ಅಂಕಲ್ ಬಂದು ಅಡ್ಜಸ್ಟ್ ಮಾಡ್ತೀನಿ ಅಂದಿದ್ರೆ ಬಿಡ್ತಿದ್ರಾ?” ಎಂದಳು. ಅಷ್ಟರಲ್ಲಿ ಮೇಲಿನಿಂದ ಕಮಲಕ್ಕ ಕೆಮ್ಮಿದ್ದು ಕೇಳಿಸಿತು. ಒಣ ಕೆಮ್ಮು, ಎರಡು ಸಲ. ಡ್ರಿಲ್ ಕೆಳಗಿಟ್ಟು, ಹಳೆಯ ಸ್ಟೆತೊಸ್ಕೋಪ್ ಹುಡುಕಿಕೊಂಡು ಮೇಲೆ ಹೋದೆ. ಎದೆ ಸ್ವಚ್ಛವಾಗಿತ್ತು. “ಏನಿಲ್ಲ ಡಾಕ್ಟ್ರೇ, ಒಗ್ಗರಣೆ ಘಾಟು” ಎಂದು ಅವರು ನಕ್ಕರು. ಆದರೆ ಆ ಎರಡು ಕೆಮ್ಮಿನ ಮಧ್ಯೆ ನನ್ನ ಎದೆ ಹೊಡೆದುಕೊಂಡದ್ದನ್ನು ಯಾರೂ ಸ್ಟೆತೊಸ್ಕೋಪ್ ಇಟ್ಟು ಕೇಳಲಿಲ್ಲ, ಪುಣ್ಯ. ಬಣ್ಣವಿಲ್ಲದ ಹೊಗೆ ಕುಡಿದು ಆಸ್ಪತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಕೆಲವರಿಗೆ ಮನೆಗೆ ಮರಳುವ ಭಾಗ್ಯ ಇರಲಿಲ್ಲ. ಇಷ್ಟೆಲ್ಲ ತಿಳಿದವನ ಕೈಯಲ್ಲೇ ಡ್ರಿಲ್ ಇತ್ತು.

“ಕಮಲಕ್ಕ, ಆ ಚೀಟಿ ಇನ್ನೊಂದ್ಸಲ ಓದಿ ಹೇಳ್ತೀರಾ?” ಎಂದು ಕೇಳಿದೆ. ಈ ವಾಕ್ಯವನ್ನು ಹೇಳಲು ನನಗೆ ನಾಲ್ಕು ದಿನ ಹಿಡಿದಿತ್ತು.

ಅವರು ಹಳೆಯ ಬ್ಲೋವರನ್ನು ಅಡುಗೆಮನೆಯ ಮೇಜಿನ ಮೇಲೆ ತರಿಸಿಕೊಂಡರು. ಒದ್ದೆ ಬಟ್ಟೆಯಲ್ಲಿ ಚಿಪ್ಪನ್ನು ಮೆಲ್ಲಗೆ ಒರೆಸಿದರು. “ಮಳೇಲಿ ನೆಂದ ಕಾರ್ಡುಗಳನ್ನೆಲ್ಲ ಓದಿದೀನಿ, ಇದೇನು ಮಹಾ” ಎನ್ನುತ್ತಾ ಒಂದೊಂದೇ ಅಕ್ಷರ ಹೇಳಿದರು. ನಾನು ಬರೆದುಕೊಂಡೆ. ಕೊನೆಗೆ ಬಿ. “ಇಲ್ಲೊಂದು ಬಾಣದ ಗುರುತೂ ಇದೆ ನೋಡಿ. ಫ್ಯಾನು ಯಾವ ಕಡೆ ತಿರುಗಬೇಕು ಅಂತಿರಬೇಕು.” ಆ ಬಾಣ ನಾಲ್ಕು ದಿನವೂ ಅಲ್ಲೇ ಇತ್ತು. ಈ ಸಲ ಅವರು ಹೇಳಿದ ನಂಬರನ್ನೇ ಒತ್ತಿದೆ. ಬದಲಿ ಯಾವುದೆಂದು ಸ್ಪಷ್ಟವಾಗಿ ಬಂತು. ಪರದೆಯ ಮೇಲೆ ಕೊಟ್ಟಿದ್ದ ತಿರುಗುವ ದಿಕ್ಕು, ವೋಲ್ಟೇಜು, ತೂತುಗಳ ಅಂತರ ಎಲ್ಲವನ್ನೂ ಹಳೆಯದರ ಜೊತೆ ಅಳತೆ ಟೇಪು ಹಿಡಿದು ತಾಳೆ ನೋಡಿದೆವು. ಅದರ ಚಿತ್ರವನ್ನು ಡೆನಿಸ್‌ಗೆ ಕಳಿಸಿ, ಅವನು ಹೂಂ ಎಂದ ಮೇಲೆಯೇ ಆರ್ಡರ್ ಮಾಡಿದೆ.

ಶನಿವಾರ ಮಧ್ಯಾಹ್ನ ಡೆನಿಸ್ ಬಂದು ಅದನ್ನು ಕೂರಿಸಿದ. ಫ್ಯಾನು ಗುಂಯ್‌ಗುಟ್ಟಿತು, ಸ್ವಲ್ಪ ಹೊತ್ತಿಗೆ ನೀಲಿ ಉರಿ ಸಾಲಾಗಿ ಹೊತ್ತಿಕೊಂಡಿತು. ಹೊಗೆ ಸರಿಯಾಗಿ ಹೊರಹೋಗುತ್ತಿದೆಯೇ ಎಂದು ಯಂತ್ರ ಹಿಡಿದು ಪರೀಕ್ಷೆ ಮಾಡಿದ. “ಬಹಳ ಜನ ಇದರಲ್ಲೇ ಎಡವುತ್ತಾರೆ. ನಂಬರ್ ಓದಿದ್ದು ಯಾರು?” ಎಂದ.

“ವಿ ಡಿಡ್” ಎಂದೆ ನಾನು.

ಶಾರದಾ ಕಿಸಕ್ಕನೆ ನಕ್ಕಳು. ಮೂರು ದಶಕ ವಿಳಾಸಗಳನ್ನು ಇಂಗ್ಲಿಷಿನಲ್ಲೇ ಓದಿದ್ದ ಕಮಲಕ್ಕನಿಗೆ ಇದನ್ನು ಯಾರೂ ಅನುವಾದಿಸಿ ಹೇಳಬೇಕಿರಲಿಲ್ಲ. “ಇರ್ಲಿ ಬಿಡೇ, ಅವರು ಓದಿದ್ದೂ ಒಂದು ಬಂದಿತ್ತಲ್ಲ” ಎಂದು ಮೂಲೆಯಲ್ಲಿ ವಾಪಸು ಹೋಗಲು ಕಾದಿದ್ದ ಪೆಟ್ಟಿಗೆಯನ್ನು ತೋರಿಸಿದರು.

ಸಂಜೆಯೊಳಗೆ ಮನೆ ಬೆಚ್ಚಗಾಯಿತು. ಟೋಪಿಗಳು ಇಳಿದವು. ನಾನು ಸೊಂಟ ಹಿಡಿದುಕೊಂಡು ಮೂರೂ ಹಾಸಿಗೆಗಳನ್ನು ಮತ್ತೆ ಮಹಡಿಗೆ ಸಾಗಿಸಿ, ಬಂದು ಸೋಫಾದಲ್ಲಿ ಬಿದ್ದುಕೊಂಡೆ. ಕಮಲಕ್ಕ ಖಾಲಿಯಾದ ನೆಲವನ್ನು ನೋಡುತ್ತಾ ನಿಂತರು. “ಐದು ದಿನ ಎಲ್ಲ ಒಟ್ಟಿಗೆ ಮಲಗಿದ್ದು ಚೆನ್ನಾಗಿತ್ತು ಕಣೇ ಶಾರೂ. ಅವರು ಹೋದ ಮೇಲೆ ನನಗೆ ಇಷ್ಟು ಒಳ್ಳೆ ನಿದ್ದೆ ಬಂದಿರ್ಲಿಲ್ಲ” ಎಂದರು. ಶಾರದಾ ಅಕ್ಕನ ಕೈ ಹಿಡಿದುಕೊಂಡಳು. ನೀನು ಇರುವಷ್ಟು ದಿನವೂ ಇಲ್ಲೇ ಮಲಗೋಣ ಎಂದಳು. ಹಾಸಿಗೆಗಳನ್ನು ಮತ್ತೆ ಕೆಳಗಿಳಿಸುವುದೆಂದು ಆ ಕ್ಷಣದಲ್ಲೇ ತೀರ್ಮಾನವಾಯಿತು. ಇಬ್ಬರೂ ಸೋಫಾದತ್ತ ತಿರುಗಿದರು. ಅದಕ್ಕೆ ಸರಿಯಾದ ಮನುಷ್ಯನನ್ನು ಆರಿಸುವ ವಿಷಯದಲ್ಲಿ ಮಾತ್ರ ಮನೆಯಲ್ಲಿ ಯಾರಿಗೂ ಒಂದು ನಿಮಿಷವೂ ಬೇಕಾಗಲಿಲ್ಲ.